ಚೆಂಡು ಬುಟ್ಟಿಗೆ ಬೀಳುವವರೆಗೆ

ಅಮೆರಿಕದ ಟೊಲೆಡೊ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಮಾಲೀಕರು, ಊರವರ ತೆರಿಗೆಯಲ್ಲಿ ಕಟ್ಟಿದ ಕ್ರೀಡಾಂಗಣಕ್ಕೆ ಬೀಗ ಜಡಿದು ಆಟಗಾರರನ್ನು ಹೊರಗಿಟ್ಟರು. ವರ್ಷದ ಮೊದಲ ಪಂದ್ಯ ರದ್ದಾಯಿತು.

ಟೀವಿಯಲ್ಲಿ ಈ ಸುದ್ದಿ ಬಂದಾಗ ಸಿಟಿ ಬಸ್ ಡ್ರೈವರ್ ಆರ್ವಿಲ್ ಟಿಬ್ಸ್‌ನ ತಲೆ ಅರ್ಧ ಬೋಳಾಗಿತ್ತು. ಮೊದಲ ಪಂದ್ಯದ ದಿನ ಬೆಳಿಗ್ಗೆ ಡೆಲ್ಮಾರನ ಕ್ಷೌರದಂಗಡಿಗೆ ಹೋಗಿ ತಲೆ ನುಣ್ಣಗೆ ಮಾಡಿಸಿಕೊಳ್ಳುವುದು, ಮಧ್ಯಾಹ್ನದ ಪಾಳಿ ಮುಗಿಸಿ ಸಂಜೆ ಗ್ಯಾಲರಿ ಹತ್ತುವುದು ಅವನ ಪದ್ಧತಿ.

“ದುಡ್ಡಿದ್ದೋರು ದುಡ್ಡಿದ್ದೋರ ಜೊತೆ ಕಚ್ಚಾಡ್ತಾರೆ, ನಿಂಗ್ಯಾಕೆ ಬಿಡು ಮಾರಾಯ,” ಎಂದ ಡೆಲ್ಮಾರ್, ಕತ್ತಿಯನ್ನು ಇನ್ನೊಂದು ಕಿವಿಯ ಕಡೆ ತಿರುಗಿಸುತ್ತಾ.

“ಕಚ್ಚಾಟ ಅಲ್ಲ ಅದು. ಹುಡುಗ್ರು ಆಡ್ತೀವಿ ಅಂತಿದಾರೆ. ಬೀಗ ಹಾಕಿದ್ದು ಮಾಲೀಕ್ರು. ಲಾಭದ ಪಾಲು ಸಾಲ್ದಂತೆ! ನಮ್ಮನ್ನ ಯಾವನಾದ್ರೂ ಒಂದು ಮಾತು ಕೇಳಿದ್ನಾ?”

“ನಿನ್ನನ್ನ ಕೇಳೋಕೆ ನೀನ್ಯಾರು? ಪಾಪ್‌ಕಾರ್ನ್ ತಿನ್ನೋನು.”

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಆರ್ವಿಲ್ ಮಾತ್ರ ನಗಲಿಲ್ಲ. ಕೊರಳಿಗೆ ಬಿಗಿದ ಬಿಳಿಬಟ್ಟೆಯ ಸಮೇತ ಕುರ್ಚಿಯಿಂದ ಎದ್ದು ನಿಂತ.

ಟೊಲೆಡೊದ ತಂಡಕ್ಕೆ ಕೊಕ್ಕರೆಯ ಲಾಂಛನ. ಊರವರಿಗೆ ಆಟಗಾರರೆಲ್ಲ ‘ನಮ್ಮ ಕೊಕ್ಕರೆಗಳು’. ಮೊದಲ ಸೀಟಿ ಊದಿದಾಗಿನಿಂದ ಕೊಕ್ಕರೆಗಳ ಮೊದಲ ಚೆಂಡು ಬುಟ್ಟಿಗೆ ಬೀಳುವವರೆಗೆ ಗ್ಯಾಲರಿಯಲ್ಲಿ ಒಬ್ಬರೂ ಕೂರುವಂತಿಲ್ಲ. ಇದು ಅಜ್ಜಂದಿರ ಕಾಲದ ಕಟ್ಟಳೆ. ಒಂದು ವರ್ಷ ನಮ್ಮವರಿಗೆ ಬುಟ್ಟಿಯೇ ಕಾಣದಂತಾಗಿ, ಮೊಣಕಾಲು ನೋವಿನ ಮೇಯರ್ ಕೂಡ ಗೋಡೆ ಹಿಡಿದು ನಿಂತೇ ಇದ್ದರು.

“ಇವತ್ತು ಪಂದ್ಯ ಇತ್ತು. ನಾನು ಬಂದಿದೀನಿ. ಅವರು ಬಂದಿಲ್ಲ,” ಎಂದ ಆರ್ವಿಲ್. “ಈ ಊರಲ್ಲಿ ಕೊಕ್ಕರೆಗಳು ಚೆಂಡನ್ನ ಬುಟ್ಟಿಗೆ ಹಾಕೋವರೆಗೂ ನಾನು ಕೂರೋದಿಲ್ಲ.”

“ಇನ್ನರ್ಧ ತಲೆ?”

“ನಿಂತಿದೀನಲ್ಲ, ಮಾಡು.”

ಡೆಲ್ಮಾರ್ ಗಿಡ್ಡ, ಆರ್ವಿಲ್ ದೀಪದ ಕಂಬ. ತುದಿಗಾಲಲ್ಲಿ ನಿಂತು ಕತ್ತಿ ಎತ್ತಿದರೂ ಅದು ಹೆಗಲಿನಾಚೆ ಹೋಗಲಿಲ್ಲ. ಅರ್ಧ ಸುಲಿದ ತೆಂಗಿನಕಾಯಿಯಂಥ ತಲೆ ಹೊತ್ತು ಆರ್ವಿಲ್ ಬೀದಿಗಿಳಿದ. ಅವನು ಡಿಪೊ ಮುಟ್ಟುವ ಮೊದಲೇ ಡೆಲ್ಮಾರ್ ಅರ್ಧ ಊರಿಗೆ ಫೋನು ಮಾಡಿ ಮುಗಿಸಿದ್ದ.

ಬಸ್ಸು ತುಂಬಿತು. ಆರ್ವಿಲ್ ಸ್ಟೀರಿಂಗಿನ ಪಕ್ಕದಲ್ಲಿ ನಿಂತ. ಅಲ್ಲಿಯವರೆಗೂ ಅವನಿಗೆ ಹೊಳೆದಿರಲಿಲ್ಲ: ನಿಂತು ಮಾಡುವ ಕೆಲಸ ಲೋಕದಲ್ಲಿ ಎಷ್ಟೋ ಇವೆ, ಬಸ್ಸು ಓಡಿಸುವುದು ಅವುಗಳಲ್ಲಿ ಒಂದಲ್ಲ.

ಮುಂದಿನ ಸೀಟಿನಲ್ಲಿದ್ದ, ಚರ್ಚಿನ ಹಾಡುಗಾರರ ಹಿರಿಯಕ್ಕ ಮಿಸ್ ಅರ್ನೆಟಾ ಅವನನ್ನು ಮೇಲಿಂದ ಕೆಳಗೆ ನೋಡಿ, ಬಸ್ಸಿಗೆಲ್ಲ ಕೇಳುವಂತೆ ಪಿಸುಗುಟ್ಟಿದಳು: “ಮೂಲವ್ಯಾಧಿಯೇನಪ್ಪಾ, ಆರ್ವಿಲ್? ನನ್ನ ತಂಗಿ ಗಂಡನಿಗೂ ಹಿಂಗೇ ಆಗಿತ್ತು. ಬಿಸಿನೀರಲ್ಲಿ ಕೂತ್ಕೋ.”

“ಕೂರೋ ಹಾಗಿಲ್ಲ, ಮಿಸ್ ಅರ್ನೆಟಾ.”

“ಅಯ್ಯೋ, ಅಷ್ಟು ಮುಂದುವರಿದಿದೆಯಾ!”

ಹಿಂದಿನಿಂದ ಒಬ್ಬ ಲಕ್ವದ ಮದ್ದು ಹೇಳಿದ. ಇನ್ನೊಬ್ಬ, ಹೆಂಡತಿ ಹೊಡೆದಿರಬೇಕೆಂದ. ಬಸ್ಸು ಕದಲಲಿಲ್ಲ. ಹಿಂದೆ ನಿಂತ ಬಸ್ಸುಗಳು ಹಾರ್ನ್ ಬಾರಿಸತೊಡಗಿದವು. ಮೇಲ್ವಿಚಾರಕಿ ನೊವಾಕ್ ಮೇಡಂ ಧಡಧಡ ಹತ್ತಿ ಬಂದಳು.

“ಟಿಬ್ಸ್, ಕೂತ್ಕೋ. ಬಸ್ ಬಿಡು.”

“ಆಗಲ್ಲ ಮೇಡಂ. ಕ್ರೀಡಾಂಗಣಕ್ಕೆ ಬೀಗ ಬಿದ್ದಿದೆ.”

“ಬಸ್ಸಿಗೆ ಬಿದ್ದಿಲ್ಲವಲ್ಲ! ಯೂನಿಯನ್ ಕರೆ ಕೊಟ್ಟಿದೆಯಾ?”

“ಇಲ್ಲ.”

“ಮತ್ತೆ ಇದು ಯಾರ ಮುಷ್ಕರ? ಆಟಗಾರರದ್ದಲ್ಲ, ಡ್ರೈವರುಗಳದ್ದಲ್ಲ.”

“ನೋಡೋರದ್ದು, ಮೇಡಂ.”

ನೊವಾಕ್ ಕೀಲಿ ಕಿತ್ತುಕೊಂಡಳು. “ನಾಳೆ ಬೆಳಿಗ್ಗೆ ಈ ಸೀಟಲ್ಲಿ ಕೂತಿದ್ರೆ ನಿನಗೆ ಕೆಲಸ ಇದೆ. ನಿಂತಿದ್ರೆ ಇಲ್ಲ. ಇಳಿ.”

ಆರ್ವಿಲ್ ಇಳಿದ. ಅವನ ಹಿಂದೆಯೇ ಮಿಸ್ ಅರ್ನೆಟಾ ಎದ್ದಳು. “ಮೊದ್ಲೇ ಹೇಳಬಾರದಾ ಮಗನೇ? ನಾನು ಮೂವತ್ತು ವರ್ಷದಿಂದ ಆ ಗ್ಯಾಲರೀಲಿ ಕಿರುಚಿ ಗಂಟಲು ಕೆಡಿಸ್ಕೊಂಡೋಳು. ನಡಿ, ಆ ಗೇಟಿನ ಮುಂದೇ ನಿಲ್ಲೋಣ.” ಅರ್ಧ ಬಸ್ಸು ಅವಳ ಹಿಂದೆ ಇಳಿಯಿತು.

ಸಂಜೆಯ ಹೊತ್ತಿಗೆ ಬೀಗ ಜಡಿದ ಗೇಟಿನ ಮುಂದೆ ಜಾತ್ರೆಯಂಥ ಜನ. ಎಲ್ಲರೂ ನಿಂತಿದ್ದರು. ಸಾಸೇಜು ಮಾರುವವನೂ ಸ್ಟೂಲು ಒದ್ದು ನಿಂತಿದ್ದ. ಡೆಲ್ಮಾರ್ ಒಂದು ಮರದ ಪೆಟ್ಟಿಗೆ ಹೊತ್ತು ತಂದು, ಅದರ ಮೇಲೇರಿ, ಉಳಿದರ್ಧ ತಲೆಗೆ ಕತ್ತಿ ಇಡಲು ಹೋದ. “ಮುಟ್ಟಬೇಡ!” ಎಂದು ಜನ ಕೂಗಿದರು. “ಆ ತಲೆ ಈಗ ಚಳವಳಿಯದ್ದು!” ಟೀವಿಯವರು ಬೋಳು ಕಡೆಯಿಂದ ಒಮ್ಮೆ, ಕೂದಲ ಕಡೆಯಿಂದ ಒಮ್ಮೆ ಚಿತ್ರ ತೆಗೆದುಕೊಂಡರು. ಆರ್ವಿಲನ ಮೀನಖಂಡಗಳು ಕಲ್ಲಾಗಿದ್ದವು. ಬೆಳಿಗ್ಗೆ ಕೂರುವುದೋ, ಕೆಲಸ ಕಳೆದುಕೊಳ್ಳುವುದೋ ಎಂಬುದೊಂದೇ ಅವನ ತಲೆಯ ಎರಡೂ ಭಾಗಗಳಲ್ಲಿ ಸುತ್ತುತ್ತಿತ್ತು.

ಅಷ್ಟರಲ್ಲಿ ಒಳಗಿನಿಂದ ಗೇಟು ತೆರೆಯಿತು. ತಂಡದ ಪ್ರಚಾರದವನು, ಇಸ್ತ್ರಿ ಮಾಡಿದ ನಗೆಯವನು, ನೀಲಿ ಮೆತ್ತೆಯ ಕುರ್ಚಿಯೊಂದನ್ನು ಎತ್ತಿಸಿಕೊಂಡು ಬಂದ.

“ಈಗಷ್ಟೇ ಒಪ್ಪಂದ ಆಯ್ತು! ಲಾಕೌಟ್ ಮುಗೀತು!”

ಟೋಪಿಗಳು ಆಕಾಶಕ್ಕೆ ಹಾರಿದವು. ಮಿಸ್ ಅರ್ನೆಟಾ ಸಾಸೇಜಿನವನನ್ನು ಹಿಡಿದು ಕುಣಿದಳು.

“ನಿಮ್ಮಂಥ ಅಭಿಮಾನಿಗೆ ಮಾಲೀಕರ ಕಾಣಿಕೆ, ಮಿಸ್ಟರ್ ಟಿಬ್ಸ್. ಮೊದಲ ಸಾಲು, ಇದೇ ಕುರ್ಚಿ, ವರ್ಷಪೂರ್ತಿ ಉಚಿತ. ಬನ್ನಿ, ಕೂತ್ಕೊಳ್ಳಿ, ಒಂದು ಫೋಟೊ!”

ಮೊದಲ ಸಾಲು! ಆರ್ವಿಲ್ ಜೀವಮಾನವಿಡೀ ಕೂತದ್ದು ಆಟಗಾರರು ಇರುವೆಗಳಂತೆ ಕಾಣುವ ಎತ್ತರದಲ್ಲಿ. ಇನ್ನು ಚೆಂಡು ಬುಟ್ಟಿಗೆ ಬೀಳುವುದು ಖಂಡಿತ, ಕೆಲಸವೂ ಉಳಿಯಿತು. ಅವನ ಮೊಣಕಾಲುಗಳು ತಾವಾಗಿಯೇ ಮಡಚಿಕೊಳ್ಳತೊಡಗಿದವು. ಕುರ್ಚಿಗೆ ಗೇಣಂತರ ಇದ್ದಾಗ ಕೇಳಿದ:

“ಇಲ್ಲಿ ಮೊದಲ ಪಂದ್ಯ ಯಾವತ್ತು ಸಾರ್?”

ಪ್ರಚಾರದವನು ಕೆಮ್ಮಿದ. “ಇಲ್ಲಿ ಅಂದ್ರೆ... ಒಪ್ಪಂದದಲ್ಲಿ ಮಾಲೀಕರಿಗೆ ಸ್ವಲ್ಪ ಕಮ್ಮಿ ಆಯ್ತು ನೋಡಿ. ಹಾಗಾಗಿ ತಂಡ ಮಾರಿಬಿಟ್ರು. ಇನ್ನಿಲ್ಲಿ ಪಂದ್ಯ ಇಲ್ಲ, ಮುಂದಿನ ತಿಂಗಳಿಂದ ಟಕೋಮಾದಲ್ಲಿ.”

“ಟಕೋಮಾ? ದೇಶದ ಆ ತುದಿಗಾ?”

“ಹೌದು. ಈ ಕುರ್ಚೀನೂ ಅಲ್ಲಿಗೇ ಹೋಗುತ್ತೆ. ಹೋಗಿಬರೋ ಖರ್ಚು ಮಾತ್ರ ನಿಮ್ಮದೇ.”

ಹಾರಿದ ಟೋಪಿಗಳನ್ನು ಹೆಕ್ಕುತ್ತಿದ್ದವರು ಬಾಗಿದಲ್ಲೇ ನಿಂತರು. ಮಿಸ್ ಅರ್ನೆಟಾ ಮೆಲ್ಲನೆ ಬಂದು ಅವನ ತೋಳು ಹಿಡಿದಳು. “ಇನ್ನು ಈ ಊರಲ್ಲಿ ಬುಟ್ಟಿಗೆ ಬೀಳೋದು ಏನೂ ಇಲ್ಲ ಮಗನೇ. ಬೆಳಿಗ್ಗೆ ಕೆಲಸ ಇದೆ ನಿಂಗೆ. ಕೂತ್ಕೋ.”

“ಬೆಳಕು ಹೋಗ್ತಿದೆ ಸಾರ್, ಕೂತ್ಕೊಳ್ಳಿ,” ಎಂದ ಫೋಟೊದವನು.

“ಎಲ್ಲ ಮುಗೀತಲ್ಲ, ಮಿಸ್ಟರ್ ಟಿಬ್ಸ್,” ಎಂದು ಪ್ರಚಾರದವನು ಮೆತ್ತೆ ತಟ್ಟಿದ. “ಕೂತ್ಕೊಳ್ಳಿ.”

ಆರ್ವಿಲ್ ಎರಡೂ ಕೈ ತೊಡೆಗೆ ಊರಿ, ಅರ್ಧ ಮಡಚಿದ್ದ ಮೊಣಕಾಲುಗಳನ್ನು ಲಟಕ್ಕೆಂದು ನೆಟ್ಟಗೆ ಮಾಡಿದ.

“ಕೂರಲ್ಲ,” ಎಂದ.