ಏಳನೆಯ ಎಸೆತ

ಎಲ್ಲಾ ಶುರುವಾದದ್ದು ಒಂದು ಅಂಚೆ ಕಾರ್ಡಿನಿಂದ. ಮಂಗಳವಾರ ಬೆಳಿಗ್ಗೆ ಕುವಾಬಾರನ ಮೇಜಿನ ಮೇಲೆ ಅದು ಬಿದ್ದಿತ್ತು. ಕಳಿಸಿದವರ ಹೆಸರಿಲ್ಲ. ಅಕ್ಷರ ದುಂಡಗಿತ್ತು. ಸಾಲಿನ ಕೊನೆಯ ಗೀಟು ಮಾತ್ರ ಪ್ರತಿ ಸಲವೂ ಮಲಗಿದ ಬೆಕ್ಕಿನ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿತ್ತು.

“ನಿಮ್ಮ ‘ಒಂದು ಕಾಲದ ಆಟಗಾರರು’ ಅಂಕಣವನ್ನು ತಪ್ಪದೆ ಓದುತ್ತೇನೆ. ಸಾಕಾಕಿ ಎಂಬ ಎಡಗೈ ಪಿಚರ್ ಬಗ್ಗೆ ಯಾಕೆ ಬರೆದಿಲ್ಲ? ಮೂವತ್ತೊಂದು ವರ್ಷದ ಹಿಂದೆ ದೊಡ್ಡ ತಂಡದಲ್ಲಿ ಒಂದೇ ಒಂದು ದಿನ ಚೆಂಡೆಸೆದರು. ಈಗ ನಮ್ಮ ಊರಿನ ಅಂಗಡಿಬೀದಿಯಲ್ಲೇ ಇದ್ದಾರೆ.”

ಕುವಾಬಾರ ಆ ಬಂದರು ಊರಿನ ಪತ್ರಿಕೆಯಲ್ಲಿ ಒಂಬತ್ತು ವರ್ಷದಿಂದ ವರದಿಗಾರ. ದೋಣಿಗಳ ವೇಳಾಪಟ್ಟಿ, ಶಾಲೆಗಳ ಕ್ರೀಡಾದಿನ, ಕಳೆದುಹೋದ ನಾಯಿಗಳು ಇವೆಲ್ಲ ಅವನ ಪಾಲಿಗೆ. ನನ್ನದು ಅಂತ ಅವನು ಹೇಳಿಕೊಳ್ಳಬಹುದಾಗಿದ್ದದ್ದು ಈ ಅಂಕಣ ಒಂದೇ. ವೃತ್ತಿಪರ ಬೇಸ್‌ಬಾಲಿಗೆ ಹೋಗಿ, ಯಾರ ಕಣ್ಣಿಗೂ ಬೀಳದೆ ವಾಪಸು ಬಂದವರ ಕತೆಗಳು ಅದರಲ್ಲಿ ಬರುತ್ತಿದ್ದವು. ಆರು ವರ್ಷ ಬೆಂಚು ಕಾದು ಈಗ ನೂಡಲ್ ಅಂಗಡಿ ಇಟ್ಟವನು, ಜೀವನದಲ್ಲಿ ಒಂದೇ ಹೋಮ್ ರನ್ ಹೊಡೆದು ಆ ಚೆಂಡನ್ನು ದೇವರ ಗೂಡಿನಲ್ಲಿಟ್ಟವನು, ಅಂಥ ನಲವತ್ತೊಂಬತ್ತು ಜನರ ಬಗ್ಗೆ ಬರೆದಿದ್ದ.

ಐವತ್ತನೆಯವನಾಗಲು ಒಪ್ಪಿದ್ದ ಮಾಜಿ ಕ್ಯಾಚರ್ ಒಬ್ಬ ಹಿಂದಿನ ದಿನ ಕೈಕೊಟ್ಟಿದ್ದ. ಅಂಕಣದ ಜಾಗದ ಮೇಲೆ ಜಾಹೀರಾತು ವಿಭಾಗದವರು ಮೊದಲಿನಿಂದಲೂ ಕಣ್ಣಿಟ್ಟಿದ್ದರು. ಒಂದೇ ಒಂದು ವಾರ ತಪ್ಪಿದರೆ ಜಾಗ ಅವರದು ಅಂತ ತೀರ್ಮಾನವಾಗಿತ್ತು. ಪುಟ ಮುಗಿಯುವುದು ಇವತ್ತು ಸಂಜೆ ಐದಕ್ಕೆ.

ಕುವಾಬಾರ ಕಾರ್ಡನ್ನು ಜೇಬಿಗೆ ಹಾಕಿಕೊಂಡು ಮುಖ್ಯ ಉಪಸಂಪಾದಕ ಹನ್ಯೂ ಅವರ ಮುಂದೆ ನಿಂತ. ಅವರ ತಲೆಯ ಮೇಲೆ ಗೋಡೆಯಲ್ಲಿ, ಪತ್ರಿಕೆಯ ಸ್ಥಾಪಕರು ಕುಂಚದಲ್ಲಿ ಬರೆದ ಒಂದು ಸಾಲಿಗೆ ಚೌಕಟ್ಟು ಹಾಕಿ ತೂಗುಹಾಕಿದ್ದರು: ‘ನಮ್ಮವರ ಬಗ್ಗೆ ನಾವು ಬರೆಯುವುದಿಲ್ಲ.’ ಪತ್ರಿಕೆಯಲ್ಲಿ ಕೆಲಸ ಮಾಡುವವರ ಸುದ್ದಿ ಪತ್ರಿಕೆಯಲ್ಲಿ ಬರಬಾರದು ಅಂತ ಅದರ ಅರ್ಥ. ಬಂದರಿನ ಲಾರಿಗಳು ಓಡಾಡಿ ಆ ಚೌಕಟ್ಟು ದಿನಾ ಒಂದಿಷ್ಟು ವಾಲುತ್ತಿತ್ತು. ನೆಟ್ಟಗೆ ಮಾಡುವುದೂ ಕುವಾಬಾರನ ಕೆಲಸವೇ.

“ಸಾರ್, ಐವತ್ತನೆಯವನು ಸಿಕ್ಕಿದ. ಸಾಕಾಕಿ ಅಂತ.”

ಹನ್ಯೂ ಅವರ ಕೆಂಪು ಪೆನ್ನು ಒಂದು ಕ್ಷಣ ನಿಂತಿತು. “ಯಾರು?”

“ಒಂದೇ ದಿನ ಎಸೆದ ಪಿಚರ್ ಸಾರ್.”

“ಒಂದು ದಿನ ಎಸೆದವನನ್ನೂ ಆಟಗಾರ ಅಂತ ಬರೀತೀಯಾ? ಬೇರೆ ಯಾರೂ ಗತಿ ಇರಲಿಲ್ವಾ ನಿನಗೆ?”

“ಇಲ್ಲ ಸಾರ್.”

“ಹಾಗಿದ್ರೆ ಹುಡುಕು. ಸಿಕ್ಕಿದ್ರೆ ಬರಿ,” ಅಂದು ಅವರು ಮತ್ತೆ ತಲೆ ತಗ್ಗಿಸಿದರು.

ಹಳೆಯ ವಾರ್ಷಿಕ ದಾಖಲೆಯಲ್ಲಿ ಸಾಕಾಕಿಗೆ ಅರ್ಧ ಸಾಲು ಕೊಟ್ಟಿದ್ದರು. ಪೂರ್ತಿ ಹೆಸರು ಹಾಕುವಷ್ಟೂ ಜಾಗ ಅವನ ಪಾಲಿಗೆ ಬಂದಿರಲಿಲ್ಲ. ನಾಲ್ಕು ವರ್ಷ ತಂಡದಲ್ಲಿದ್ದ, ಬಹುಪಾಲು ಎರಡನೇ ದರ್ಜೆಯ ಮೈದಾನದಲ್ಲಿ. ದೊಡ್ಡ ಪಂದ್ಯ, ಒಂದು. ಔಟ್ ಮಾಡಿದ್ದು, ಸೊನ್ನೆ. ಸರಾಸರಿಯ ಜಾಗದಲ್ಲಿ ಒಂದು ಗೆರೆ ಎಳೆದಿದ್ದರು, ಏಕೆಂದರೆ ಸೊನ್ನೆಯಿಂದ ಭಾಗಿಸಲು ಯಾರಿಗೂ ಬರುವುದಿಲ್ಲ. ಪಂದ್ಯದ ಮರುದಿನದ ಒಂದು ಪತ್ರಿಕೆಯ ತುಣುಕೂ ಸಿಕ್ಕಿತು. ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟು ಹಿಡಿದವನು ನಡೆದುಕೊಂಡೇ ಮೊದಲ ಬೇಸಿಗೆ ಹೋಗಬಹುದು. ಸಾಕಾಕಿ ಮೂವರನ್ನೂ ಹಾಗೆ ನಡೆಸಿ ಕಳಿಸಿದ್ದ. ಹನ್ನೆರಡು ಎಸೆತ, ಹನ್ನೆರಡೂ ತಪ್ಪು.

ಅಂಗಡಿಬೀದಿಯಲ್ಲಿ ಸಾಕಾಕಿ ಎಂಬ ನಾಮಫಲಕ ಒಂದೂ ಇರಲಿಲ್ಲ. ಕುವಾಬಾರ ಕ್ಷೌರದಂಗಡಿಯ ತೊಕಿಕೊ ಹತ್ತಿರ ಹೋದ. ಬೀದಿಯಲ್ಲಿ ಯಾರ ತಲೆಯ ಒಳಗೆ ಏನಿದೆ ಅನ್ನುವುದು ಆಕೆಗೆ ತಲೆಯ ಹೊರಗಿನಿಂದಲೇ ತಿಳಿಯುತ್ತಿತ್ತು.

“ಹೆಸರು ಹುಡುಕಿದ್ರೆ ಎಲ್ಲಿ ಸಿಗುತ್ತಪ್ಪಾ,” ಅಂದಳು ತೊಕಿಕೊ, ಗಿರಾಕಿಯ ಗಲ್ಲದ ಮೇಲೆ ಕತ್ತಿ ಹಿಡಿದುಕೊಂಡೇ. “ನಮ್ಮತ್ತೆ ಹೇಳ್ತಿದ್ರು, ಬೇಸ್‌ಬಾಲ್ ಆಡ್ತಿದ್ದ ಹುಡುಗನೊಬ್ಬ ಈ ಬೀದಿಗೆ ಮನೆಅಳಿಯನಾಗಿ ಬಂದ ಅಂತ. ಮನೆಅಳಿಯ ಅಂದ್ಮೇಲೆ ಹೆಂಡತಿ ಮನೆ ಹೆಸರೇ ಅಲ್ವಾ? ಹಳೇ ಹೆಸರು ಅವತ್ತೇ ಹೋಯ್ತು.”

“ಯಾರ ಮನೆಗೆ ಬಂದದ್ದು ಅಕ್ಕಾ?”

“ಅದನ್ನ ಹೇಳೋ ಹೊತ್ತಿಗೆ ಅತ್ತೆಗೆ ಯಾವಾಗಲೂ ನಿದ್ದೆ ಬರ್ತಿತ್ತು.” ಗಿರಾಕಿ ನಕ್ಕ. ತೊಕಿಕೊ ಅವನ ತಲೆಯನ್ನು ಗಟ್ಟಿಯಾಗಿ ಹಿಡಿದಳು. “ಅಲುಗಬೇಡ್ರೀ, ಕಿವಿ ಹೋಗುತ್ತೆ. ನೋಡಪ್ಪಾ, ಎತ್ತರದ ಆಳು, ಎಡಗೈ, ಮನೆಅಳಿಯ. ತೋಫು ಅಂಗಡಿ ಇಕುಷಿಮಾ ಬಿಟ್ಟು ಇನ್ಯಾರು?”

ಗಿರಾಕಿಯೂ ತಲೆ ಅಲ್ಲಾಡಿಸದೆ “ಅವನೇ, ಅವನೇ” ಅಂದ.

ಇಕುಷಿಮಾ ಮೊಣಕೈವರೆಗೆ ತಣ್ಣೀರಿನಲ್ಲಿ ಕೈಯಿಳಿಸಿ, ಸೋಯಾ ಹಾಲಿನ ಪನೀರಿನಂಥ ತೋಫು ಎತ್ತುತ್ತಿದ್ದ. ಎಡಗೈಯಲ್ಲಿ. ಕುವಾಬಾರ ನೋಟ್‌ಬುಕ್ ತೆರೆದ.

“ಯಜಮಾನ್ರೇ, ನೀವು ಮನೆಅಳಿಯ ಅಲ್ವಾ?”

“ಅದು ಊರಿಗೆಲ್ಲ ಗೊತ್ತಲ್ಲ.”

“ಮೊದಲು ಬೇಸ್‌ಬಾಲ್ ಆಡ್ತಿದ್ರಾ?”

ಇಕುಷಿಮಾ ಕುವಾಬಾರನ ಕುತ್ತಿಗೆಯಲ್ಲಿ ತೂಗುತ್ತಿದ್ದ ಕ್ಯಾಮೆರಾ ನೋಡಿದ. ಇಪ್ಪತ್ತಾರು ವರ್ಷಗಳಲ್ಲಿ ಜನ ಅವನ ಹತ್ತಿರ ಆಡಿದ ಮಾತು ‘ಗಟ್ಟಿದು ಒಂದು’, ‘ಮೆತ್ತಂದು ಎರಡು’, ಇಷ್ಟೇ.

“ಆಡ್ತಿದ್ದೆ,” ಅಂದ. ಸುಳ್ಳೇನಲ್ಲ. ಆ ದೇಶದಲ್ಲಿ ಆಡದೆ ಬೆಳೆದ ಗಂಡಸು ಯಾರಿದ್ದಾರೆ?

“ಹುಟ್ಟಿದ ಮನೆ ಹೆಸರು ಸಾಕಾಕಿ ತಾನೆ?”

“ಹಳೇ ಹೆಸರು ಈಗ್ಯಾಕಪ್ಪಾ. ನಮ್ಮತ್ತೆ ಇದ್ದಾಗ ಅದನ್ನ ಎತ್ತಿದ್ರೆ ಅವತ್ತು ನನಗೆ ಊಟ ಇಲ್ಲ.”

ಕುವಾಬಾರ ಅದನ್ನು ಒಪ್ಪಿಗೆ ಅಂತ ಬರೆದುಕೊಂಡ. “ಆ ದಿನ ನೆನಪಿದೆಯಾ? ಆ ಹನ್ನೆರಡು ಎಸೆತ?”

“ಆ ದಿನ… ಮರೆಯೋಕಾಗುತ್ತಾ? ಗಾಳಿ ಸ್ವಲ್ಪ ಜೋರಿತ್ತು.”

ಇಕುಷಿಮಾನ ಕತೆಯಲ್ಲಿ ಹನ್ನೊಂದು ಗಂಟೆಗೆ ಸ್ವಲ್ಪ ಜೋರಿದ್ದ ಗಾಳಿ ಹನ್ನೆರಡಕ್ಕೆ ಚಂಡಮಾರುತವಾಗಿತ್ತು. ಒಂದು ಗಂಟೆಯ ಹೊತ್ತಿಗೆ ಅಂಪೈರನ ಟೋಪಿ ಹಾರಿ ಸಮುದ್ರಕ್ಕೆ ಬಿದ್ದಿತ್ತು. ಅಂಗಡಿಯ ಮುಂದೆ ಜನ ಸೇರಿದರು. ತೊಕಿಕೊ ಅರ್ಧ ಕ್ಷೌರವಾದ ಗಿರಾಕಿಯನ್ನೂ ಕರೆದುಕೊಂಡೇ ಬಂದಳು.

“ಇಷ್ಟು ವರ್ಷ ಬಾಯಿ ಬಿಡಲಿಲ್ಲವಲ್ಲೋ ಇಕುಷಿಮಾ!”

“ಹೇಳ್ಕೊಳ್ಳೋಕೆ ಏನಿದೆ ಬಿಡ್ರಿ,” ಅಂದ ಇಕುಷಿಮಾ. ವಿನಯದಿಂದ ಅವನ ಕಿವಿ ಕೆಂಪಾಗಿತ್ತು.

“ಒಂದು ಸಲ ಎಸೆದು ತೋರ್ಸಪ್ಪ!”

ಎಲ್ಲಿಂದಲೋ ಗ್ಲೌಸು ಬಂತು, ಚೆಂಡು ಬಂತು. ಇಕುಷಿಮಾ ರಬ್ಬರ್ ಬೂಟಿನಲ್ಲೇ ಒಂದು ಕಾಲೆತ್ತಿ ಎಸೆದ. ಕುವಾಬಾರ ಫೋಟೊ ತೆಗೆದ. ಮೊದಲನೆಯ ಚೆಂಡು ಮೀನಿನಂಗಡಿಯ ತೊಟ್ಟಿಗೆ ಬಿತ್ತು. ಎರಡನೆಯದು ಹಿಂದಕ್ಕೆ ಹೋಗಿ ಅವನದೇ ಸೋಯಾ ಹಾಲಿನ ಹಂಡೆಯಲ್ಲಿ ಮುಳುಗಿತು. ಜನ ಸಪ್ಪಗಾದರು. ಕುವಾಬಾರನಿಗೆ ಮಾತ್ರ ಕಣ್ಣು ತುಂಬಿ ಬಂತು. ಇಷ್ಟು ಕೆಟ್ಟದಾಗಿ ಎಸೆಯುವವನು ಸಾಕಾಕಿ ಅಲ್ಲದೆ ಬೇರೆ ಯಾರಾಗಲು ಸಾಧ್ಯ?

ಮೂರನೆಯ ಚೆಂಡು ಎದುರಿನ ಛತ್ರಿ ಅಂಗಡಿಯೊಳಗೆ ಹೋಯಿತು. ಅಂಗಡಿಯೊಡತಿ ಶ್ರೀಮತಿ ಹನ್ಯೂ, ಅಂದರೆ ಉಪಸಂಪಾದಕರ ಹೆಂಡತಿ, ಚೆಂಡು ಹಿಡಿದುಕೊಂಡು ಹೊರಗೆ ಬಂದರು.

“ಏನಪ್ಪಾ ಕುವಾಬಾರ, ಸಿಕ್ಕಿದರಾ ನಿನ್ನ ಆಟಗಾರರು?”

“ಇಲ್ಲೇ ಇದ್ದಾರಲ್ಲಮ್ಮಾ!”

ಆಕೆ ಇಕುಷಿಮಾನನ್ನು ಬೂಟಿನಿಂದ ತಲೆಯವರೆಗೆ ನೋಡಿದರು. “ಊಹೂಂ. ತೋಳು ಇನ್ನೂ ಮೇಲಿಂದ ಬರಬೇಕು,” ಅಂದು ಚೆಂಡು ಕೊಟ್ಟು ಒಳಗೆ ಹೋದರು. ಕುವಾಬಾರನಿಗೆ ಅದು ಕಿವಿಗೇ ಬೀಳಲಿಲ್ಲ.

ಮೂರೂವರೆಗೆ ಇಕುಷಿಮಾನ ಹೆಂಡತಿ ಹೋಟೆಲುಗಳಿಗೆ ತೋಫು ಮುಟ್ಟಿಸಿ ಸೈಕಲ್ಲಿನಲ್ಲಿ ವಾಪಸು ಬಂದಳು. ಗುಂಪು ನೋಡಿ ಅವಳ ಮುಖದ ಬಣ್ಣ ಇಳಿಯಿತು. “ಏನಾಯ್ತು? ಬಿದ್ರಾ ಇವರು?”

“ನಿಮ್ಮ ಯಜಮಾನ್ರು ಪ್ರೊಫೆಷನಲ್ ಆಟಗಾರ ಆಗಿದ್ದ ಸಂಗತಿ ಬರೀತಿದ್ದೀನಮ್ಮ.”

“ಇವರಾ?” ಅವಳು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದಳು. “ಹೈಸ್ಕೂಲಿನಲ್ಲಿ ಟೇಬಲ್ ಟೆನ್ನಿಸ್ ಆಡ್ತಿದ್ದರಪ್ಪಾ ಇವರು. ಅದರಲ್ಲೂ ಸ್ಕೋರ್ ಬರೆಯೋ ಕೆಲಸ. ಹುಟ್ಟಿದ ಮನೆ ಹೆಸರು ಮಿಮುರಾ. ರೀ, ಹಂಡೆಯಲ್ಲಿ ತೇಲ್ತಾ ಇರೋದು ಏನ್ರೀ ಅದು?”

ಇಕುಷಿಮಾ ಹಂಡೆಯ ಕಡೆ ನೋಡಲಿಲ್ಲ. “ನಾನು ಸಾಕಾಕಿ ಅಂತ ಎಲ್ಲಿ ಹೇಳಿದೆ? ಅವನು ಕೇಳಿದ, ನಾನು ಗಾಳಿ ಹೇಗಿತ್ತು ಅಂತ ಹೇಳಿದೆ,” ಅಂತ ಗೊಣಗಿದ. ಜನ ಒಬ್ಬೊಬ್ಬರಾಗಿ ಕರಗಿದರು. ಎಲ್ಲರಿಗಿಂತ ಮೊದಲು ತೊಕಿಕೊ. “ನನಗೆ ಆಗಲೇ ಅನುಮಾನ ಇತ್ತು,” ಅನ್ನುತ್ತಾ ಅವಳು ಗಿರಾಕಿಯನ್ನು ಎಳೆದುಕೊಂಡು ಹೋದಳು.

ಕಚೇರಿ ತಲುಪಿದಾಗ ನಾಲ್ಕು ಗಂಟೆ. ಕುವಾಬಾರ ಏದುಸಿರು ಬಿಡುತ್ತಾ ಕೂತ. ಮನುಷ್ಯ ಸಿಗಲಿಲ್ಲ, ಕೈಯಲ್ಲಿರುವುದು ದಾಖಲೆಯ ಅರ್ಧ ಸಾಲು ಮತ್ತು ಒಂದು ತುಣುಕು. ಅಷ್ಟನ್ನೇ ಇಟ್ಟುಕೊಂಡು ಬರೆದ. ನಾಲ್ಕು ವರ್ಷ ದಿನಾ ಎಸೆದದ್ದು, ಒಂದು ಸಂಜೆ ದೊಡ್ಡ ದೀಪಗಳ ಕೆಳಗೆ ನಿಂತದ್ದು, ಹನ್ನೆರಡು ಸಲ ತಪ್ಪಿದ್ದು, ಆಮೇಲೆ ಹೆಸರನ್ನೂ ಕಳಚಿಟ್ಟು ಯಾವುದೋ ಮನೆಯ ಬಾಗಿಲೊಳಗೆ ಹೋದದ್ದು. “ಆತ ನಮ್ಮ ನಡುವೆಯೇ ಇದ್ದಾರೆ. ದಿನಾ ನಮಗೆ ಎದುರಾಗುತ್ತಿರಬಹುದು. ಆ ಹನ್ನೆರಡರಲ್ಲಿ ಒಂದಾದರೂ ನೆಟ್ಟಗೆ ಹೋಗಿದ್ದರೆ ಎಂದು ಆತ ಯೋಚಿಸುತ್ತಾರೆಯೇ, ತಿಳಿಯದು.” ಒಂಬತ್ತು ವರ್ಷಗಳಲ್ಲಿ ಅವನು ಬರೆದ ಅತ್ಯುತ್ತಮ ಬರಹ ಅದು. ಅವನಿಗೂ ಅದು ಗೊತ್ತಾಯಿತು.

ನಾಲ್ಕೂ ಮುಕ್ಕಾಲಿಗೆ ಹಾಳೆಗಳನ್ನು ಹನ್ಯೂ ಅವರ ಮುಂದಿಟ್ಟ. ಅವರು ಓದಿದರು. ಸಾಮಾನ್ಯವಾಗಿ ಎರಡು ನಿಮಿಷ ಸಾಕು ಅವರಿಗೆ. ಇವತ್ತು ಆರು ನಿಮಿಷವಾಯಿತು. ಕೊನೆಗೆ ಕೆಂಪು ಪೆನ್ನು ಒಂದೇ ಕಡೆ ಇಳಿಯಿತು.

ಕುವಾಬಾರ ಬಗ್ಗಿ ನೋಡಿದ. ‘ಹನ್ನೆರಡೂ ತಪ್ಪು’ ಎಂಬಲ್ಲಿ ಹನ್ನೆರಡನ್ನು ಹೊಡೆದು ಹಾಕಿ ಹನ್ನೊಂದು ಮಾಡಿದ್ದರು. ಪಕ್ಕದಲ್ಲಿ ಬರೆದಿದ್ದರು: ‘ಏಳನೆಯದು ಗುರಿಯ ಮೂಲೆ ಸವರಿ ಹೋಯಿತು. ಅಂಪೈರ್ ನೋಡಲಿಲ್ಲ.’

“ಸಾರ್, ದಾಖಲೆಯಲ್ಲಿ ಹಾಗಿಲ್ಲವಲ್ಲ.”

“ದಾಖಲೆ ಬರೆದವನು ಎಲ್ಲಿ ಕೂತಿದ್ದ? ನಾನು ಎಲ್ಲಿ ನಿಂತಿದ್ದೆ?”

ಹೊರಗೆ ಲಾರಿಯೊಂದು ಹೋಯಿತು. ಗೋಡೆಯ ಚೌಕಟ್ಟು ಒಂದಿಷ್ಟು ವಾಲಿತು. ಪೆನ್ನು ಹಿಡಿದಿದ್ದ ಎಡಗೈಯನ್ನು ಕುವಾಬಾರ ಒಂಬತ್ತು ವರ್ಷಗಳಲ್ಲಿ ಮೊದಲ ಸಲ ನೋಡಿದ.

“ಸಾರ್… ನೀವು ಛತ್ರಿ ಅಂಗಡಿಗೆ…”

“ಹೂಂ, ಮನೆಅಳಿಯ. ನಿನಗೆ ಯಾರು ಹೇಳಿದ್ದು ನನ್ನ ವಿಷಯ?”

ಕುವಾಬಾರ ಜೇಬಿನಿಂದ ಕಾರ್ಡು ತೆಗೆದು ಕೊಟ್ಟ. ಹನ್ಯೂ ಅವರು ಅದನ್ನು ನೋಡಿ ಮೇಜಿನ ಖಾನೆ ಎಳೆದರು. ದಿನಾ ಊಟದ ಡಬ್ಬಿಯ ಜೊತೆ ಬರುವ ಚೀಟಿಗಳನ್ನು ಅದರಲ್ಲಿ ಒತ್ತಾಗಿ ಜೋಡಿಸಿಟ್ಟಿದ್ದರು. ಮೇಲಿನ ಚೀಟಿಯಲ್ಲಿ ‘ಮೂಲಂಗಿ ಬಿಡಬೇಡಿ, ತಿನ್ನಿ’ ಅಂತ ಇತ್ತು. ಕೊನೆಯ ಗೀಟು ಮಲಗಿದ ಬೆಕ್ಕಿನ ಬಾಲದ ಹಾಗೆ ಸುರುಳಿ ಸುತ್ತಿಕೊಂಡಿತ್ತು.

“ಅವಳು ಅವತ್ತು ಮೈದಾನದಲ್ಲಿದ್ದಳು,” ಅಂದರು ಹನ್ಯೂ. “ಪಂದ್ಯ ಆದ್ಮೇಲೆ ಗೇಟಿನ ಹತ್ತಿರ ಬಂದು, ಏಳನೆಯದು ಸರಿಯಾಗೇ ಇತ್ತು ಅಂದಳು. ಅಷ್ಟು ಹೇಳಿದವಳು ಅವಳೊಬ್ಬಳೇ. ಅದಕ್ಕೇ ಹೆಸರು ಬಿಟ್ಟು ಬಂದೆ.” ಅವರು ಕಾರ್ಡನ್ನು ಚೀಟಿಗಳ ಮೇಲಿಟ್ಟು ಖಾನೆ ಮುಚ್ಚಿದರು. “ಚೆನ್ನಾಗಿ ಬರೆದಿದ್ದೀಯ.”

“ಹಾಗಿದ್ರೆ ಪುಟಕ್ಕೆ ಕಳಿಸ್ತೀನಿ ಸಾರ್!”

ಹನ್ಯೂ ಅವರು ಪೆನ್ನಿನ ತುದಿಯಿಂದ ತಲೆಯ ಮೇಲಿನ ಗೋಡೆ ತೋರಿಸಿದರು. ‘ನಮ್ಮವರ ಬಗ್ಗೆ ನಾವು ಬರೆಯುವುದಿಲ್ಲ.’ ಕುವಾಬಾರ ಹೋಗಿ ಅದನ್ನು ನೆಟ್ಟಗೆ ಮಾಡಿ ವಾಪಸು ಬಂದ. ಗಂಟೆ ಐದಾಯಿತು.

ಜಾಗ ಜಾಹೀರಾತಿನವರಿಗೆ ಹೋಯಿತು. ಅವರಿಗೂ ಅಷ್ಟು ಹೊತ್ತಿನಲ್ಲಿ ಸಿಕ್ಕಿದ್ದು ಒಂದೇ ಜಾಹೀರಾತು. ನಾಲ್ಕೂವರೆಗೆ ಇಕುಷಿಮಾನ ಹೆಂಡತಿ ಫೋನ್ ಮಾಡಿ, “ಹೇಗೂ ಫೋಟೊ ತೆಗೆದಾಗಿದೆ, ಅಂಗಡಿ ಹೆಸರಾದ್ರೂ ಹಾಕಿ,” ಅಂದಿದ್ದಳು. ಬುಧವಾರದ ಪತ್ರಿಕೆಯಲ್ಲಿ, ‘ಒಂದು ಕಾಲದ ಆಟಗಾರರು’ ಬರುತ್ತಿದ್ದ ಜಾಗದಲ್ಲಿ, ಇಕುಷಿಮಾ ರಬ್ಬರ್ ಬೂಟಿನಲ್ಲಿ ಒಂದು ಕಾಲೆತ್ತಿ ನಿಂತಿದ್ದ. ಕೆಳಗೆ ಒಂದೇ ಸಾಲು: ‘ಇಪ್ಪತ್ತಾರು ವರ್ಷದಿಂದ ಅದೇ ಎಡಗೈ. ಗಟ್ಟಿ, ಮೆತ್ತನೆ ಎರಡೂ ಸಿಗುತ್ತವೆ.’

ಬೆಳಿಗ್ಗೆ ಹತ್ತರೊಳಗೆ ಕಚೇರಿಗೆ ಹನ್ನೊಂದು ಫೋನ್ ಬಂದವು. ಐವತ್ತು ಅಂಕಣಗಳಲ್ಲಿ ಇದೇ ಅತ್ಯುತ್ತಮ, ಒಂದು ಮಾತೂ ಹೆಚ್ಚಿಲ್ಲ ಅಂತ ಓದುಗರು ಹೊಗಳಿದರು. ಕುವಾಬಾರ ಹನ್ನೊಂದು ಸಲವೂ ರಿಸೀವರಿಗೆ ತಲೆಬಾಗಿ ಧನ್ಯವಾದ ಹೇಳಿದ.

ಹನ್ನೆರಡನೆಯದು ಜಾಹೀರಾತು ವಿಭಾಗದಿಂದ. ಓದುಗರು ಇಷ್ಟು ಮೆಚ್ಚಿದ ಮೇಲೆ ಆ ಜಾಗವನ್ನು ಕಾಯಂ ತಮಗೇ ಕೊಡಬೇಕೆಂದು ಮೇಲಿನವರು ಒಪ್ಪಿದ್ದಾರಂತೆ. ಮುಂದಿನ ವಾರಕ್ಕೆ ಕ್ಷೌರದಂಗಡಿಯ ತೊಕಿಕೊ ಹೆಸರು ಕೊಟ್ಟಿದ್ದಾಳೆ. ಫೋಟೊ ತೆಗೆಯಲು ಕುವಾಬಾರನೇ ಬರಬೇಕಂತೆ. ಬ್ಯಾಟು ಅವಳೇ ತರುತ್ತಾಳಂತೆ.