ಇದ್ದಿಲು ಪಕ್ಷದ ಪಟ್ಟಾಭಿರಾಮರು

ಪಟ್ಟಾಭಿರಾಮರ ಪಾದ ಮಣ್ಣಿಗೆ ತಾಗಿದ್ದನ್ನು ಕಣ್ಣಾರೆ ಕಂಡವರು ಚಾಂದ್‌ಖೇಡಾ ಬಡಾವಣೆಯಲ್ಲಿ ಒಬ್ಬರೂ ಇಲ್ಲ. ದೇವತೆಗಳು ನೆಲದಿಂದ ನಾಲ್ಕಂಗುಲ ಮೇಲೆ ನಿಲ್ಲುತ್ತಾರಂತೆ. ವಿಮಾ ಕಚೇರಿಯ ಈ ಅಧಿಕಾರಿ ಎರಡು ಮಹಡಿ ಮೇಲೆ ನಿಲ್ಲುತ್ತಿದ್ದರು. ಆದರೂ ಅಲ್ಲಿನ ವಸತಿ ಸೊಸೈಟಿಯಲ್ಲಿ ಅವರಷ್ಟು ದೊಡ್ಡ ಕೃಷಿಕ ಇನ್ನೊಬ್ಬರಿರಲಿಲ್ಲ (ಇದು ಅವರದೇ ಅಭಿಪ್ರಾಯ). ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ ಹಾಕಿ, ಸುರುಳಿ ಸುತ್ತಿದ ಪತ್ರಿಕೆಯನ್ನು ರಾಜದಂಡದಂತೆ ಚಾಚಿ, ಕೆಳಗಿನ ಸಾಮೂಹಿಕ ಕೈತೋಟವನ್ನು ಅವರು ಆಳುತ್ತಿದ್ದರು.

೨೦೦೩ರ ಬೇಸಿಗೆಯಲ್ಲಿ ಆ ಪತ್ರಿಕೆಯಿಂದಲೇ ಅವರಿಗೆ ಜ್ಞಾನೋದಯವಾಯಿತು. ಮಣ್ಣಿಗೆ ಇದ್ದಿಲು ಬೆರೆಸಿದರೆ ಅದರ ಸತ್ವ ಸಾವಿರ ವರ್ಷ ಉಳಿಯುತ್ತದಂತೆ. ಮುಂದಿನ ಭಾನುವಾರವೇ ಟೆರೇಸಿನ ಮೇಲೆ ಹಳೆಯ ಡ್ರಮ್ಮಿನಲ್ಲಿ ಮಹಾಯಜ್ಞ ನಡೆಯಿತು. ವರ್ಗಾವಣೆ ಬಂದಾಗ ಬೇಕಾಗುತ್ತವೆಂದು ಮಂಚದಡಿ ಜೋಡಿಸಿಟ್ಟಿದ್ದ ಮರದ ಪೆಟ್ಟಿಗೆಗಳೆಲ್ಲ ಅದಕ್ಕೆ ಆಹುತಿಯಾದವು. ಪಕ್ಕದ ಮನೆಯ ಕೋಕಿಲಾಬೆನ್ ಒಣಗಿಸಲು ಹರಡಿದ್ದ ಹಪ್ಪಳಗಳಿಗೆ ಹೊಗೆಯೇ ಪ್ರಸಾದವಾಯಿತು.

ಮನೆಯಾಕೆ ನಾಗವೇಣಿ ಕಾಂಪೋಸ್ಟ್ ಪಕ್ಷ. ತರಕಾರಿ ಸಿಪ್ಪೆ, ಚಹಾ ಚರಟ ಕೊಳೆಸುವ ಅವರ ಡಬ್ಬದ ಸುಗಂಧಕ್ಕೆ ಹೆದರಿ ನೆಂಟರು ಚಹಾ ಕುಡಿಯದೆ ಎದ್ದು ಹೋಗುತ್ತಿದ್ದರು.

"ನಿನ್ನ ಕಾಂಪೋಸ್ಟ್ ಒಂದು ವರ್ಷಕ್ಕೆ ಕರಗಿಹೋಗತ್ತೆ ಕಣೇ. ಇದ್ದಿಲು ಸಾವಿರ ವರ್ಷ."

"ಸಾವಿರ ವರ್ಷ ಚಾಂದ್‌ಖೇಡಾದಲ್ಲಿ ಕೂತು ಏನ್ಮಾಡ್ತೀರಿ? ಬರೋ ಏಪ್ರಿಲ್‌ಗೆ ಟ್ರಾನ್ಸ್‌ಫರ್ ಅಂತಿದೀರಿ. ಸಾಮಾನು ತುಂಬೋಕೆ ಪೆಟ್ಟಿಗೆ ಬೇರೆ ಸುಟ್ಟಿದೀರಿ."

ಜಗಳ ಸೊಸೈಟಿಯ ಮೀಟಿಂಗಿಗೂ ಇಳಿಯಿತು. ಸೆಕ್ರೆಟರಿ ಜಶುಭಾಯಿ ತೀರ್ಪು ಕೊಟ್ಟರು: ಕೈತೋಟದಲ್ಲಿ ಗಂಡನಿಗೊಂದು ಮಡಿ, ಹೆಂಡತಿಗೊಂದು ಮಡಿ, ಎರಡಕ್ಕೂ ನಾಗವೇಣಿ ಮೈಸೂರಿನಿಂದ ತಂದ ಅವರೆ ಬೀಜ. ಉತ್ತರಾಯಣದ, ಅಂದರೆ ನಮ್ಮ ಸಂಕ್ರಾಂತಿಯ, ಮರುಭಾನುವಾರ ಕಾಯಿ ಎಣಿಕೆ. ಗೆದ್ದವರ ಗೊಬ್ಬರ ಇಡೀ ತೋಟಕ್ಕೆ. ಸೋತವರು ಒಂದು ವರ್ಷ ತೋಟಕ್ಕೆಲ್ಲ ಬಕೆಟ್ಟಿನಲ್ಲಿ ನೀರು ಹೊರಬೇಕು. ಬಕೆಟ್ಟಿನ ಮಾತು ಕೇಳಿ ಪಟ್ಟಾಭಿರಾಮರು ಪತ್ರಿಕೆಯನ್ನು ಇನ್ನೂ ಬಿಗಿಯಾಗಿ ಸುತ್ತಿದರು.

ಎರಡು ಮೂಟೆ ಇದ್ದಿಲನ್ನು ಮೆಟ್ಟಿಲ ಕೆಳಗೆ ಇಡಿಸಿ, ಕುಟ್ಟಿ ಮಡಿಗೆ ಬೆರೆಸುವಂತೆ ಬಾಲ್ಕನಿಯಿಂದಲೇ ಸೊಸೈಟಿಯ ಮಾಲಿಗೆ ಆದೇಶ ಹೊರಡಿಸಿದರು. ಆದೇಶ ಹೊರಟರೆ ಕೆಲಸ ಆದಂತೆಯೇ ಎಂಬುದು ಕಚೇರಿಯಲ್ಲಿ ಇಪ್ಪತ್ತೈದು ವರ್ಷ ಸವೆಸಿದವರ ನಂಬಿಕೆ. ಅಂದೇ ಮಳೆ ಸುರಿಯಿತು. ಬೆಳಗ್ಗೆ ಮೇಲಿನಿಂದ ನೋಡಿದರೆ ಮಡಿ ಕಪ್ಪಗೆ ಹೊಳೆಯುತ್ತಿತ್ತು. ಪಟ್ಟಾಭಿರಾಮರು ತೃಪ್ತರಾಗಿ ಎರಡನೇ ಕಾಫಿ ಕೇಳಿದರು.

ಪವಾಡ ನಡೆದದ್ದು ಡಿಸೆಂಬರಿನಲ್ಲಿ. ನಾಗವೇಣಿಯ ಬಳ್ಳಿ ಗೊಬ್ಬರ ತಿಂದು ಕೊಬ್ಬಿ ಮೊದಲನೇ ಮಹಡಿಗೆ ಹತ್ತಿತು. ಎಲೆಯೋ ಎಲೆ, ಕಾಯಿ ಮಾತ್ರ ಹುಡುಕಿ ನೋಡುವಷ್ಟು. ಪಟ್ಟಾಭಿರಾಮರ ಬಳ್ಳಿ ಸೊಂಟದೆತ್ತರಕ್ಕೇ ನಿಂತು, ಕಾಯಿಯ ಭಾರಕ್ಕೆ ಬಾಗಿತ್ತು. ಸೂರತ್‌ನ ಗೆಳೆಯರಿಗೆ ಫೋನುಗಳು ಹೋದವು. ವಡೋದರಾದ ಕನ್ನಡ ಬಳಗದಲ್ಲಿ "ಇದ್ದಿಲು ಮತ್ತು ಮಾನವ ನಾಗರಿಕತೆ" ಎಂಬ ಉಪನ್ಯಾಸಕ್ಕೆ ದಿನ ಗೊತ್ತಾಯಿತು.

ಎಣಿಕೆಯ ಭಾನುವಾರ ಸೊಸೈಟಿಯೆಲ್ಲ ತೋಟದ ಸುತ್ತ ನೆರೆಯಿತು. ಪಟ್ಟಾಭಿರಾಮರೂ ಸಿಮೆಂಟ್ ಕಟ್ಟೆಯವರೆಗೆ ಅವತರಿಸಿದರು. ಗಂಡನ ನೂರಾ ಹನ್ನೆರಡು ಕಾಯಿಗೆ ಹೆಂಡತಿಯದು ಒಂಬತ್ತು. ಚಪ್ಪಾಳೆ ಬಿತ್ತು. ನಾಗವೇಣಿ ಸೆರಗು ಸಿಕ್ಕಿಸಿ ಬಕೆಟ್ ಎತ್ತಿಕೊಂಡರು. "ನಿಮ್ಮ ಮಡಿ ಬಾಡೋದು ನೋಡೋಕಾಗದೆ ಇಷ್ಟು ದಿನ ನಾನೇ ನೀರು ಹಾಕ್ಲಿಲ್ವಾ. ಇನ್ಮೇಲೆ ಎಲ್ಲದಕ್ಕೂ ಹಾಕ್ತೀನಿ ಬಿಡಿ," ಎಂದರು.

ಅಷ್ಟರಲ್ಲಿ ಗೇಟಿನ ಬಳಿ ಇಸ್ತ್ರಿ ಗಾಡಿ ಇಟ್ಟಿರುವ ಕಾನಜಿಭಾಯಿ, ಮಡಿಸಿದ ಶರ್ಟುಗಳನ್ನು ಎದೆಗವಚಿಕೊಂಡು ಬಂದು, ಸಾಹೇಬರ ಕಿವಿಯಲ್ಲಿ ಮೆಲ್ಲಗೆ ಕೃತಜ್ಞತೆ ಸಲ್ಲಿಸಿದ. ಆದೇಶ ಹೊರಟ ದಿನ ಸಂಜೆಯೇ ಕೆಲಸ ಬಿಟ್ಟು ಊರಿಗೆ ಹೊರಟ ಮಾಲಿ, ಮೆಟ್ಟಿಲ ಕೆಳಗಿನ ಮೂಟೆಗಳನ್ನು ಇವನಿಗೆ ಒಪ್ಪಿಸಿ ಹೋಗಿದ್ದನಂತೆ. ಎಂಥ ಇದ್ದಿಲು! ದೀಪಾವಳಿಯವರೆಗೂ ಬಂತು. ಸೊಸೈಟಿಯ ಅಂಗಿಗಳೆಲ್ಲ ಸಾಹೇಬರ ಧರ್ಮದಿಂದಲೇ ಗರಿಗರಿಯಾದವು.

ಪಟ್ಟಾಭಿರಾಮರು ಮಡಿಯನ್ನು ನೋಡಿದರು. ಶರ್ಟುಗಳನ್ನು ನೋಡಿದರು. ಉಪನ್ಯಾಸದ ಹಾರ, ಶಾಲು ಕಣ್ಣ ಮುಂದೆ ಹಾದುಹೋದವು. ಕಾನಜಿಭಾಯಿಯನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ. ಬಾಯಿಗೆ ಬಂದ ಒಂದು ಅಂಕಿ ಹೇಳಿದರೆ ಸಾಕು. ಅತ್ತ ನಾಗವೇಣಿ ಆಗಲೇ ನಲ್ಲಿ ತಿರುಗಿಸಿದ್ದರು.

ಜಶುಭಾಯಿ ಮೀಟಿಂಗ್ ಪುಸ್ತಕ ತೆರೆದು ಪೆನ್ನು ಹಿಡಿದರು. "ಹೇಳಿ, ಪಟ್ಟಾಭಿಭಾಯಿ, ಬರೆದುಕೊಳ್ತೀನಿ. ಒಂದು ಮಡಿಗೆ ಎಷ್ಟು ಕಿಲೋ ಹಾಕಿದಿರಿ?"

"ಏನೂ ಹಾಕಿಲ್ಲ, ಜಶುಭಾಯಿ. ಆ ಬಕೆಟ್ ನನಗೆ ಕೊಡೋಕೆ ಹೇಳಿ."