ಅಪ್ಪನ ಗಾಡಿಗೆ ಹಾಕಿದ ಆಯಿಲ್

ಎಲ್ಲಕ್ಕೂ ಮೂಲ ಅತ್ತೆಯ ಫೋನು. ಭಾನುವಾರ ಬೆಳಿಗ್ಗೆ ಎಂಟಕ್ಕೆ, ಪ್ರೂಫು ಎಂಬ ಅಡ್ಡಹೆಸರಿನವನು ಇನ್ನೂ ಹಲ್ಲುಜ್ಜುತ್ತಿದ್ದಾಗ, ಅಪ್ಪನ ತಂಗಿಯಾದ ಆಕೆ ಪೀಠಿಕೆಯಿಲ್ಲದೆ ಶುರು ಮಾಡಿದರು.

"ನಿಮ್ಮಣ್ಣ ಇವತ್ತು ಸಂಜೆ ಐದು ಗಂಟೆ ರೈಲಿಗೆ ಹೊರಟಿದಾನೆ ಕಣೋ. ದೂರದ ಬಂದರಿನಲ್ಲಿ ಕೆಲಸ ಸಿಕ್ಕಿದೆಯಂತೆ. ಮನೆ ಖಾಲಿ ಮಾಡ್ತಿದಾನೆ. ಇನ್ನು ಈ ಕಡೆ ತಲೆ ಹಾಕಲ್ಲವಂತೆ. ಆರು ವರ್ಷ ಆಯ್ತು ನೀವಿಬ್ರೂ ಮಾತು ಬಿಟ್ಟು. ಒಂದು ಸಲ ಹೋಗಿ ಮುಖ ನೋಡ್ಕೊಂಡು ಬಾ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡ."

ಬಾಯಿ ತುಂಬ ನೊರೆ ಇದ್ದುದರಿಂದ ಅವನು ಹೂಂ ಅಂದ. ನೊರೆ ಇಲ್ಲದಿದ್ದರೂ ಬಹುಶಃ ಹೂಂ ಅನ್ನುತ್ತಿದ್ದ. ಆರು ವರ್ಷದಿಂದ ಯಾರಾದರೂ ಹೀಗೆ ಹೇಳಲಿ ಎಂದೇ ಕಾದಿದ್ದ.

ಅವನು ಛಾಪಖಾನೆಯೊಂದರಲ್ಲಿ ಕರಡು ತಿದ್ದುವವನು. ಪ್ರೂಫ್ ರೀಡರ್ ಎಂದು ಪೂರ್ತಿ ಹೇಳಲು ಬೇಸರಪಟ್ಟು ಬೀದಿಯವರು ಪ್ರೂಫು ಎನ್ನುತ್ತಿದ್ದರು. ಒಂಟಿ ಮನೆ, ಒಂಟಿ ಮಂಚ, ಬಾಗಿಲ ಬಳಿ ಅಪ್ಪನ ಮೋಟಾರ್ ಸೈಕಲ್ಲು. ಅಣ್ಣತಮ್ಮಂದಿರ ಮಾತು ನಿಂತದ್ದೂ ಈ ಗಾಡಿಯಿಂದಲೇ. ಅಪ್ಪ ಸತ್ತ ತಿಂಗಳಿಗೆ, ಗಾಡಿ ಯಾರಿಗೆ ಎಂಬ ಮಾತು ಬಂದಾಗ ಅಣ್ಣ ಎಲ್ಲರೆದುರು ಅಂದಿದ್ದ: "ಇವನ ಕೈಗೆ ಕೊಟ್ರೆ ವರ್ಷ ತುಂಬೋದ್ರೊಳಗೆ ಗುಜರಿ. ಇವನಿಗೆ ಅಕ್ಷರ ಬಿಟ್ರೆ ಬೇರೆ ಏನೂ ಗೊತ್ತಿಲ್ಲ." ಆ ಮಾತು ಪ್ರೂಫಿನ ಎದೆಯಲ್ಲಿ ಮೊಳೆಯಂತೆ ನಿಂತಿತ್ತು. ಅವನು ಹಟಕ್ಕೆ ಬಿದ್ದು ಗಾಡಿ ಇಟ್ಟುಕೊಂಡ. ಆರು ವರ್ಷ ಅದು ಓಡಿತು. ಅದನ್ನು ನೋಡಲು ಅಣ್ಣ ಮಾತ್ರ ಬರಲಿಲ್ಲ.

ಇವತ್ತು ಅದೇ ಗಾಡಿಯಲ್ಲಿ ಅಣ್ಣನ ಮನೆ ಮುಂದೆ ಇಳಿಯಬೇಕು. ನೋಡು, ಇನ್ನೂ ಓಡುತ್ತಿದೆ ಅನ್ನಬೇಕು. ಆಮೇಲೆ ಬೀಗದ ಕೈ ಅವನ ಅಂಗೈಯಲ್ಲಿಟ್ಟು, ನೀನೇ ಇಟ್ಟುಕೋ ಅನ್ನಬೇಕು. ಸ್ನಾನದ ಮನೆಯಲ್ಲಿ ನಿಂತು ಈ ಮಾತನ್ನು ಮೂರು ಸಲ ಆಡಿ ನೋಡಿದ.

ಹೊರಡುವ ಮುನ್ನ ಎಂಜಿನ್ನಿನ ಅಳತೆ ಕಡ್ಡಿ ಎಳೆದು ಆಯಿಲ್ ನೋಡಿದ. ಕಾಡಿಗೆಯಷ್ಟು ಕಪ್ಪು. ಅಣ್ಣನೂ ಮೊದಲು ಎಳೆಯುವುದು ಈ ಕಡ್ಡಿಯನ್ನೇ ಎಂದು ಅವನಿಗೆ ಗೊತ್ತಿತ್ತು. ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು.

"ಏನ್ರೀ ಪ್ರೂಫು, ಭಾನುವಾರ ಬೆಳಿಗ್ಗೇನೇ ಗಾಡಿ ಹೊಟ್ಟೆ ಕೆಳಗೆ?" ಎಂದು ಪಕ್ಕದ ಮನೆಯ ಡ್ರೈವರಣ್ಣ ಗೋಡೆಯ ಮೇಲಿಂದ ಇಣುಕಿದರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಅವರ ಬಳಿ ಒಂದು ಹಳೆಯ ಕಾರಿದೆ. ಅದು ಪೆಟ್ರೋಲಿಗಿಂತ ಆಯಿಲ್ಲನ್ನೇ ಹೆಚ್ಚು ಕುಡಿಯುತ್ತದೆ.

ಅಣ್ಣನ ವಿಷಯ ಬಾಯಿ ಬಿಟ್ಟರೆ ಇಡೀ ಬೀದಿ ಹಿಂದೆ ಹೊರಡುತ್ತದೆ. "ಏನಿಲ್ಲ, ಆಯಿಲ್ ಬದಲಾಯಿಸಿ ಸುಮ್ನೆ ಒಂದು ಟ್ರಯಲ್ ನೋಡ್ಕೊಂಡು ಬರೋಣ ಅಂತ. ಅಂಗಡಿ ಇಲ್ವಲ್ಲ" ಎಂದ.

"ಅಂಗಡಿ ಯಾಕ್ರೀ, ನಾನಿಲ್ವಾ?" ಎಂದು ಡ್ರೈವರಣ್ಣ ಕಾರಿನ ಆಯಿಲ್ ಡಬ್ಬಿ ತಂದೇಬಿಟ್ಟರು.

"ಇದು ಕಾರಿಂದಲ್ವಾ?"

"ಕಾರಿನ ಎಂಜಿನ್ ಎಂಜಿನ್ನು, ಬೈಕಿನ ಎಂಜಿನ್ ಏನು ಬೀಸೋ ಕಲ್ಲಾ? ಆಯಿಲ್ ಅಂದ್ರೆ ಆಯಿಲ್ಲು. ಎಲ್ಲಾ ಒಂದೇ. ಇದು ಇನ್ನೂ ದುಬಾರಿದು, ಜಾಸ್ತಿ ನುಣುಪು. ನಿಮ್ಮ ಗಾಡಿ ಕುಣೀತದೆ."

ಎದುರು ಮನೆಯ ಡ್ರಿಲ್ ಮೇಷ್ಟ್ರು ಪೇಪರ್ ಮಡಚಿಕೊಂಡು ಬಂದರು. "ಅನುಭವಸ್ಥರು ಹೇಳ್ತಿದಾರೆ. ಹಾಕ್ರೀ, ಯೋಚನೆ ಮಾಡ್ಬೇಡಿ. ಹಳೇ ಆಯಿಲ್ ಚೆಲ್ಲಬೇಡಿ, ನಮ್ಮ ಗೇಟು ಕಿರ್ರ್ ಅಂತಿದೆ" ಎಂದು ತಟ್ಟೆಯಲ್ಲಿ ಬಸಿದ ಕಪ್ಪು ಆಯಿಲ್ಲನ್ನು ಹೊತ್ತುಕೊಂಡೇ ಹೋದರು.

ಪ್ರೂಫು ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಮೇಲಿನಿಂದ ಕೆಳಗೆ ಓದಿದ. ಅದು ಅವನ ಹೊಟ್ಟೆಪಾಡಿನ ಅಭ್ಯಾಸ. ಎರಡನೆಯ ಸಾಲಿನಲ್ಲಿ ಪೂರ್ಣವಿರಾಮ ಬಿಟ್ಟುಹೋಗಿತ್ತು, ಕೊನೆಯ ಸಾಲು ಸ್ವಲ್ಪ ಓರೆಯಾಗಿತ್ತು. ಕಾರುಗಳಿಗೆ ಮಾತ್ರ ಎಂಬ ಸಾಲಿನಲ್ಲಿ ಒಂದು ತಪ್ಪೂ ಇರಲಿಲ್ಲವಾದ್ದರಿಂದ ಅದು ಅವನ ಗಮನಕ್ಕೆ ಬರಲಿಲ್ಲ. ಹದಿನೆಂಟು ವರ್ಷದಿಂದ ಅವನು ಅಕ್ಷರ ಓದುತ್ತಿದ್ದನೇ ಹೊರತು ಅರ್ಥ ಓದುತ್ತಿರಲಿಲ್ಲ.

ಹನ್ನೊಂದಕ್ಕೆ ಗಾಡಿ ಶುರುವಾಯಿತು. ಅಣ್ಣನ ಮನೆಗೆ ಹೊಸ ರಸ್ತೆ ಚಪ್ಪಟೆ, ಸಲೀಸು. ಅವನು ಅತ್ತ ತಿರುಗಿಸುವಷ್ಟರಲ್ಲಿ ಡ್ರೈವರಣ್ಣ ಹ್ಯಾಂಡಲ್ ಹಿಡಿದರು. "ಟ್ರಯಲ್ ಅಂದ್ರೆ ಏರಲ್ಲಿ ನೋಡ್ಬೇಕು. ಚಪ್ಪಟೆ ರಸ್ತೇಲಿ ಕತ್ತೆನೂ ಓಡುತ್ತೆ." ಮೇಷ್ಟ್ರೂ ಹೌದೆಂದು ತಲೆಯಾಡಿಸಿದರು. ಸುಳ್ಳು ಹೇಳಿಯಾಗಿತ್ತು. ಪ್ರೂಫು ಅಣ್ಣನ ಮನೆಗೇ ಹೋಗುವ ಹಳೆಯ ಏರು ರಸ್ತೆ ಹಿಡಿದ.

ಅರ್ಧ ಏರಿನವರೆಗೆ ಗಾಡಿ ನಿಜಕ್ಕೂ ಕುಣಿಯಿತು. ಆಮೇಲೆ ವಿಚಿತ್ರವೊಂದು ನಡೆಯಿತು. ಅವನು ಆಕ್ಸಿಲರೇಟರಿನ ಕಿವಿ ತಿರುಚಿದಷ್ಟೂ ಎಂಜಿನ್ ಅರಚುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಕಾಲೆಳೆದು ನಡೆಯುತ್ತಿದ್ದ ಮುದುಕರೊಬ್ಬರು ಅವನನ್ನು ದಾಟಿ ಹೋದರು. ಸುಟ್ಟ ವಾಸನೆ ಬಂತು. ಗಾಡಿ ನಿಂತಿತು.

ತಿರುವಿನಲ್ಲಿದ್ದ ಪಂಕ್ಚರ್ ಅಂಗಡಿಯವನು ಎದ್ದು ಬಂದು ಕಡ್ಡಿ ಎಳೆದು, ಬೆರಳಿಗೆ ಸವರಿ, ಮೂಸಿ ನೋಡಿದ.

"ಕಾರಿನ ಆಯಿಲ್ ಹಾಕಿದೀರಾ ಸಾರ್?"

"ಎಲ್ಲಾ ಒಂದೇ ಅಂದ್ರಲ್ಲ?"

"ಯಾರಂದ್ರು? ಕಾರಿನ ಕ್ಲಚ್ಚು ಬೇರೆ ಕಡೆ ಒಣಗಿಕೊಂಡು ಇರುತ್ತೆ. ಇದರ ಕ್ಲಚ್ ಪ್ಲೇಟು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತೆ. ಕಾರಿನ ಆಯಿಲ್ ತುಂಬ ಜಾರು. ಪ್ಲೇಟಿಗೆ ಪ್ಲೇಟು ಹಿಡಿಯೋದೇ ಇಲ್ಲ. ಎಂಜಿನ್ ತಿರುಗುತ್ತೆ, ಚಕ್ರ ತಿರುಗಲ್ಲ."

"ಹಾಗಾದ್ರೆ ಬೈಕಿನ ಆಯಿಲ್ ಕಾರಿಗೆ ಹಾಕಿದ್ರೂ ಹೀಗೇನಾ?"

"ಅದಕ್ಕೇನೂ ಆಗಲ್ಲ ಸಾರ್, ಒಂದಷ್ಟು ದಿನ ಆರಾಮಾಗಿ ಓಡುತ್ತೆ. ಪೆಟ್ಟು ಬೀಳೋದು ಯಾವಾಗಲೂ ಚಿಕ್ಕೋರಿಗೇ." ಅವನ ಬಳಿಯೂ ಬೈಕಿನ ಆಯಿಲ್ ಇರಲಿಲ್ಲ. "ತಣ್ಣಗಾದ ಮೇಲೆ ಸ್ವಲ್ಪ ಹೋಗುತ್ತೆ, ಮತ್ತೆ ನಿಲ್ಲುತ್ತೆ. ತಳ್ಳಿ ಸಾರ್" ಎಂದ.

ಗಾಡಿಯನ್ನು ಅಲ್ಲೇ ಬಿಟ್ಟು ನಡೆದು ಹೋಗಬಹುದಿತ್ತು. ಆದರೆ ಗಾಡಿಯಿಲ್ಲದೆ ಅಣ್ಣನೆದುರು ನಿಂತು ಏನು ಹೇಳುವುದು? ಅವನು ತಳ್ಳಿದ. ಇಸ್ತ್ರಿ ಮಾಡಿದ ಅಂಗಿ ಬೆನ್ನಿಗೆ ಅಂಟಿತು. ನೂರು ಹೆಜ್ಜೆಗೊಮ್ಮೆ ನಿಂತ. ಅಪ್ಪನೂ ಇದೇ ಏರಿನಲ್ಲಿ ಇಬ್ಬರನ್ನೂ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದುದು ನೆನಪಾಗಿ, ಬೆವರೋ ಕಣ್ಣೀರೋ ತಿಳಿಯದಂತಾಯಿತು.

ಅಣ್ಣನ ಮನೆ ಮುಟ್ಟಿದಾಗ ಎರಡೂವರೆ. ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಪರದೆಯಿಲ್ಲ. ಒಳಗೆ ಗೋಡೆಯ ಮೇಲೆ ಅಪ್ಪನ ಫೋಟೋ ಇದ್ದ ಜಾಗ ಮಾತ್ರ ಚೌಕಾಕಾರವಾಗಿ ಬೆಳ್ಳಗಿತ್ತು.

"ಹನ್ನೆರಡಕ್ಕೇ ಟ್ಯಾಕ್ಸಿ ಬಂದಿತ್ತು, ಸಾಮಾನು ಹಾಕ್ಕೊಂಡು ಹೊರಟ್ರು" ಎಂದು ಪಕ್ಕದ ಮನೆಯಾಕೆ ಬಟ್ಟೆ ಒಣಗಿಸುತ್ತಲೇ ಹೇಳಿದರು.

ಅಣ್ಣನ ನಂಬರು ಅವನ ಬಳಿ ಇರಲಿಲ್ಲ. ಜಗಳದ ದಿನವೇ ಪೌರುಷದಿಂದ ಅಳಿಸಿ ಹಾಕಿದ್ದ. ಅತ್ತೆಗೆ ಫೋನ್ ಮಾಡಿದ. ಎರಡರಿಂದ ನಾಲ್ಕರವರೆಗೆ ಅತ್ತೆ ಫೋನಿನ ಬಾಯಿ ಮುಚ್ಚಿಸಿ ಮಲಗುವವರು. ಫೋನು ಹೊಡೆದುಕೊಂಡು ಸುಮ್ಮನಾಯಿತು.

ಇನ್ನು ಉಳಿದದ್ದು ಸ್ಟೇಷನ್ನು. ಇಳಿಜಾರಿನಲ್ಲಿ ಗಾಡಿ ತಾನಾಗಿ ಉರುಳಿತು. ಸಮತಟ್ಟು ಬಂದಾಗ ಮತ್ತೆ ಅರಚಾಟ, ಸುಟ್ಟ ವಾಸನೆ, ತಳ್ಳಾಟ. ಸಿಗ್ನಲ್‌ನಲ್ಲಿ ಹಿಂದಿನವರೆಲ್ಲ ಹಾರನ್ ಹೊಡೆದು, ಅವನಿಗೆ ಗೊತ್ತಿಲ್ಲದ ಅವನ ವಂಶದ ವಿಷಯಗಳನ್ನೆಲ್ಲ ತಿಳಿಸಿದರು. ಐದು ದಾಟಿ ನಾಲ್ಕು ನಿಮಿಷಕ್ಕೆ ಅವನು ಪ್ಲಾಟ್‌ಫಾರಂ ತಲುಪಿದ. ರೈಲಿನ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುತ್ತಿತ್ತು. ಅವನು ಕೈ ಎತ್ತಿದ. ಯಾರಿಗೆ ಎಂದು ಅವನಿಗೇ ಗೊತ್ತಿರಲಿಲ್ಲ.

ಮನೆಗೆ ತಳ್ಳಿಕೊಂಡು ಬರುವಷ್ಟರಲ್ಲಿ ಬೀದಿಯ ದೀಪ ಹತ್ತಿತ್ತು. ಡ್ರೈವರಣ್ಣ, ಮೇಷ್ಟ್ರು ಇಬ್ಬರೂ ಅವನ ಮೆಟ್ಟಿಲ ಬಳಿಯೇ ಕಾದಿದ್ದರು.

"ಎಲ್ಲಿ ಹಾಳಾಗಿ ಹೋಗಿದ್ರಿ? ನಿಮ್ಮಣ್ಣ ಬಂದಿದ್ರು!" ಎಂದರು ಡ್ರೈವರಣ್ಣ.

ಪ್ರೂಫು ಗಾಡಿಯನ್ನು ಹಿಡಿದುಕೊಂಡೇ ನಿಂತ.

"ಹೊಸ ರಸ್ತೇಲಿ ಟ್ಯಾಕ್ಸೀಲಿ ಬಂದ್ರು. ಹೆಂಡತೀನ, ಸಾಮಾನನ್ನ ಸ್ಟೇಷನ್‌ನಲ್ಲಿ ಬಿಟ್ಟು ಬಂದಿದ್ರಂತೆ. ತಮ್ಮ ಮನೇಲೇ ಇರ್ತಾನೆ, ಹೋಗಿ ಮಾತಾಡ್ಸು ಅಂತ ನಿಮ್ಮತ್ತೆ ಫೋನ್ ಮಾಡಿದ್ರಂತೆ. ಟ್ರಯಲ್‌ಗೆ ಹೋಗಿದಾರೆ, ಈಗ ಬಂದ್ಬಿಡ್ತಾರೆ, ಕೂತ್ಕೊಳಿ ಅಂತ ನಾವೇ ಕೂರಿಸಿದ್ವಿ. ನಾಲ್ಕು ಗಂಟೆವರೆಗೂ ಇದೇ ಮೆಟ್ಟಿಲ ಮೇಲೆ ಕೂತಿದ್ರು ಪಾಪ."

"ಈ ಚೀಟಿ ಬರೆದಿಟ್ಟಿದಾರೆ" ಎಂದು ಮೇಷ್ಟ್ರು ಕಾಗದ ಚಾಚಿದರು. "ಜೊತೆಗೊಂದು ಡಬ್ಬಿನೂ ತಂದಿದ್ರು. ಬೈಕಿನ ಆಯಿಲ್ಲು."

"ಅದನ್ನ ನಾನು ನಮ್ಮ ಕಾರಿಗೆ ಹಾಕ್ಕೊಂಡೆ" ಎಂದರು ಡ್ರೈವರಣ್ಣ ಪ್ರಸನ್ನವಾಗಿ. "ನೀವು ಬೆಳಿಗ್ಗೆ ನಮ್ಮದು ಹಾಕ್ಕೊಂಡ್ರಲ್ಲ. ಎರಡೆರಡು ಸಲ ಯಾಕೆ ಬದಲಾಯಿಸ್ತೀರಿ ಅಂತ."

ದೀಪದ ಕೆಳಗೆ ಅವನು ಚೀಟಿ ಬಿಡಿಸಿದ. ಅಣ್ಣನ ದುಂಡಗಿನ ಕೈಬರಹ. "ಗಾಡಿ ನೀನೇ ಇಟ್ಕೋ. ಆರು ವರ್ಷ ಓಡಿಸಿದೀಯ ಅಂದ್ರೆ ಚೆನ್ನಾಗೇ ನೋಡ್ಕೊಂಡಿದೀಯ. ಅವತ್ತು ನಾನು ಹಾಗೆ ಅನ್ನಬಾರದಿತ್ತು. ಅಪ್ಪ ಹಾಕ್ತಿದ್ದ ಆಯಿಲ್ಲೇ ಹುಡುಕಿ ತಂದಿದೀನಿ. ಬಂದರಿಗೆ ಬಾ, ಅತ್ತಿಗೆಯೂ ಹೇಳಿದಾಳೆ. ನನ್ನ ನಂಬರು—"

ನಂಬರಿನ ಮೇಲೆ ಗೀಟು ಹೊಡೆದು, ಹೊಡೆದು, ಕಾಗದ ಹರಿದಿತ್ತು. ಅದರ ಕೆಳಗೆ, ಪೆನ್ನು ಒತ್ತಿ ಬರೆದ ಇನ್ನೊಂದು ಸಾಲು: "ಕಾರಿನ ಆಯಿಲ್ ಹಾಕಿದೀಯಂತೆ. ಅವತ್ತು ನಾನು ಹೇಳಿದ್ದೇ ಸರಿ."

"ಹೊರಡೋ ಹೊತ್ತಿಗೆ ಮಾತಿನ ಮಧ್ಯೆ ಆಯಿಲ್ ವಿಷಯ ಬಂತು" ಎಂದರು ಡ್ರೈವರಣ್ಣ. "ನಮ್ಮ ಕಾರಿನ ಆಯಿಲ್ಲೇ ಹಾಕ್ಕೊಂಡು ಹೋಗಿದಾರೆ ಅಂದೆ. ಯಾಕೋ ಚೀಟಿ ವಾಪಸ್ ಇಸ್ಕೊಂಡು ಏನೋ ಗೀಚಿದ್ರು. ಹಾಗೇ ಟ್ಯಾಕ್ಸಿ ಹತ್ತಿ ಹೋಗ್ಬಿಟ್ರು."

ಪ್ರೂಫು ಆ ಸಾಲನ್ನು ಮತ್ತೆ ಮತ್ತೆ ಓದಿದ. ತಿದ್ದುವುದಕ್ಕೆ ಒಂದು ತಪ್ಪೂ ಇರಲಿಲ್ಲ. ಈ ಸಲ ಅರ್ಥವೂ ತಲೆಗೆ ಹೋಯಿತು.

ಡ್ರೈವರಣ್ಣ ಕಾರು ಶುರು ಮಾಡಿದರು. ಅದು ವರ್ಷಗಳ ಕೆಮ್ಮು ಬಿಟ್ಟು, ಮಲಗಿದ ಬೆಕ್ಕಿನಂತೆ ಮೆತ್ತಗೆ ಸದ್ದು ಮಾಡುತ್ತಿತ್ತು. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ನೋಡಿದ್ರಾ? ನಾನು ಹೇಳ್ಲಿಲ್ವಾ, ಎಲ್ಲಾ ಒಂದೇ ಅಂತ! ಅಂದ ಹಾಗೆ ನಿಮ್ಮ ಟ್ರಯಲ್ ಹೇಗಾಯ್ತು?"

"ಚೆನ್ನಾಗಾಯ್ತು" ಎಂದು ಪ್ರೂಫು ಗಾಡಿಯನ್ನು ಒಳಗೆ ತಳ್ಳಿದ.